ಮತ್ತೆ ಯಾವಾಗ ಬರುತ್ತೀರಿ?



ಈ ವರ್ಷ ದುವ್ವಾಡದ ಸುತ್ತಮುತ್ತ ಒಂದು ದಿನದ ಉಚಿತ ಆರೋಗ್ಯ ಶಿಬಿರ ಮಾಡೋಣ ಎಂಬ ಮಾತು ನಮ್ಮಲ್ಲಿ ಎದ್ದಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಅಧ್ಯಕ್ಷರು ನನ್ನನ್ನು ನಿಲ್ಲಿಸಿದ್ದಾರೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮೈಸೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದು, ಉಕ್ಕು ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳಿಗೆ ಪಾಠ ಹೇಳುತ್ತಾ ತೆಲುಗು ಕಲಿತವಳು. ಆ ತೆಲುಗೇ ಕೆಲವು ವರ್ಷಗಳ ಹಿಂದೆ ನನ್ನನ್ನು ಒಂದು ಶಿಬಿರಕ್ಕೆ ಕರೆದೊಯ್ದಿತು. ವಿದೇಶದ ಒಂದು ಚರ್ಚಿನಿಂದ ಡಾಕ್ಟರು, ನರ್ಸು, ಟೀಚರುಗಳ ತಂಡ ಬಂದಿತ್ತು. ಅವರಿಗೆ ಮಾತು ತಿಳಿಸಿ ಹೇಳುವವರು ಬೇಕಿತ್ತು. ನಾನು ಕ್ರೈಸ್ತಳಲ್ಲ, ಅದನ್ನು ಯಾರೂ ಕೇಳಲೂ ಇಲ್ಲ.

ಅದು ಕಡಲ ದಂಡೆಯ ಬೆಸ್ತರ ಊರು. ಶಾಲೆಯ ಜಗಲಿಯ ಮೇಲೆ ಮೇಜು ಹಾಕಿದ್ದರು. ಕನ್ನಡ, ತೆಲುಗು ಅಕ್ಕತಂಗಿ ಭಾಷೆಗಳು ಎಂದು ನಾವು ಭಾಷಣದಲ್ಲಿ ಹೇಳುತ್ತೇವಲ್ಲ, ಕಾಯಿಲೆಯ ವಿಷಯ ಬಂದಾಗ ಆ ಹತ್ತಿರದ ನಂಟೇ ದಾರಿ ತಪ್ಪಿಸುತ್ತದೆ. 'ಕಳ್ಳು ತಿರುಗುತುನ್ನಾಯಿ' ಎಂದು ಒಬ್ಬಾಕೆ ಹೇಳಿದರೆ ನಮ್ಮೂರಿಂದ ಹೊಸದಾಗಿ ಬಂದವರು ಹುಬ್ಬೇರಿಸಿಯಾರು! ಆಕೆ ಹೇಳುತ್ತಿರುವುದು ತಲೆ ಸುತ್ತುತ್ತಿದೆ ಎಂದು. ಅವರ ಕಳ್ಳು ಎಂದರೆ ಕಣ್ಣುಗಳು. 'ಕಡುಪು' ಎಂದರೆ ಹೊಟ್ಟೆ. ಆದರೆ 'ಕಡುಪುತೋ ಉಂದಿ' ಎಂದರೆ ಬಸುರಿ ಎಂದರ್ಥ. ಗುಳಿಗೆ ಕೊಡುವವರಿಗೆ ಈ ವ್ಯತ್ಯಾಸ ತಿಳಿಯದಿದ್ದರೆ ಏನಾದೀತು ಯೋಚಿಸಿ. ಅದೂ ಅಲ್ಲದೆ ಎಷ್ಟೋ ಹೆಂಗಸರು ಡಾಕ್ಟರ ಮುಂದೆ ಮಂಡಿನೋವು ಎಂದು ಹೇಳಿ, ಎದ್ದು ಹೋಗುವಾಗ ನನ್ನ ಕಿವಿಯಲ್ಲಿ ನಿಜವಾದ ತೊಂದರೆ ಹೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮೀನು ಮಾರುವ ಒಬ್ಬ ಹೆಂಗಸು ಬಂದಳು. ಬಿ.ಪಿ. ಬಹಳ ಹೆಚ್ಚಾಗಿತ್ತು. ಒಂದು ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟರು, ನಿಲ್ಲಿಸಬಾರದು ಎಂದು ಹೇಳಿಸಿದರು. ಆಕೆ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೇಳಿದಳು, "ಮಳ್ಳೀ ಎಪ್ಪುಡು ವಸ್ತಾರಮ್ಮಾ?" ಮತ್ತೆ ಯಾವಾಗ ಬರುತ್ತೀರಮ್ಮಾ ಎಂದು. ನಾನು ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾಡಿದ್ದು ಅವರ ವಿಮಾನ. ಸರ್ಕಾರಿ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು, ಇಂಗ್ಲಿಷಿನಲ್ಲಿ.

ಆ ತಂಡವನ್ನು ನಾನು ಹಳಿಯುತ್ತಿಲ್ಲ. ತಮ್ಮ ರಜೆ, ತಮ್ಮ ದುಡ್ಡು ಹಾಕಿ ಬಂದವರು. ಹುಳುಕು ಹಲ್ಲು ಕಿತ್ತರು, ಓದುವ ಕನ್ನಡಕ ಕೊಟ್ಟರು. ಅವೆಲ್ಲ ಒಂದು ದಿನದಲ್ಲಿ ಮುಗಿಯುವ ಕೆಲಸಗಳು, ಚೆನ್ನಾಗಿಯೇ ಮುಗಿದವು. ಬಿ.ಪಿ., ಸಕ್ಕರೆ ಕಾಯಿಲೆ, ಬಸುರಿಯ ಆರೈಕೆ, ಮಗುವಿಗೆ ಓದು ಕಲಿಸುವುದು, ಇವು ಹಾಗೆ ಮುಗಿಯುವುದಿಲ್ಲ.

ಇಲ್ಲಿ ನನಗೆ ಗುಂಟೂರಿನ ಡಾ. ಅನ್ನಾ ಸಾರಾ ಕುಗ್ಲರ್ ನೆನಪಾಗುತ್ತಾರೆ. ವಿಜಯವಾಡದ ಕಡೆ ಹೋಗಿಬರುವವರಿಗೆ ಕುಗ್ಲರ್ ಆಸ್ಪತ್ರೆಯ ಹೆಸರು ಗೊತ್ತಿರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದವರು. ಅಲ್ಲಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ 1879ರಲ್ಲಿ ಪದವಿ ಪಡೆದರು. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಡಾಕ್ಟರಾದದ್ದೂ ಅದೇ ಕಾಲೇಜಿನಿಂದ. 1883ರಲ್ಲಿ ಲೂಥರನ್ ಮಿಷನ್ ಕುಗ್ಲರ್ ಅವರನ್ನು ಗುಂಟೂರಿಗೆ ಕಳಿಸಿತು. ತಮಾಷೆ ನೋಡಿ, ಕಳಿಸಿದ್ದು ಡಾಕ್ಟರಾಗಿ ಅಲ್ಲ, ಹೆಣ್ಣುಮಕ್ಕಳಿಗೆ ಪಾಠ ಹೇಳಲು! ಆಕೆ ಪಾಠವನ್ನೂ ಹೇಳಿದರು, ಜೊತೆಗೇ ಔಷಧವನ್ನೂ ಕೊಟ್ಟರು. ಗಂಡಸು ಡಾಕ್ಟರು ಕಾಲಿಡಲಾಗದ ಒಳಮನೆಗಳಿಗೆ ಹೋದರು. 1885ರಲ್ಲಿ ಮಿಷನ್ ಅವರನ್ನು ವೈದ್ಯೆ ಎಂದೇ ನೇಮಿಸಿತು. ಆಸ್ಪತ್ರೆ ತೆರೆದದ್ದು 1898ರಲ್ಲಿ, ಬಂದು ಹದಿನೈದು ವರ್ಷಗಳ ಮೇಲೆ. ಅಲ್ಲಿಯೇ ದಾದಿಯರನ್ನೂ ತಯಾರು ಮಾಡಿದರು. 1930ರಲ್ಲಿ ಗುಂಟೂರಿನಲ್ಲೇ ತೀರಿಕೊಂಡರು.

ಮಿಷನ್ನಿನವರ ಉದ್ದೇಶದಲ್ಲಿ ಧರ್ಮ ಪ್ರಚಾರವೂ ಇತ್ತು. ಅದನ್ನು ಮುಚ್ಚಿಡಬೇಕಿಲ್ಲ, ಅದರ ಬಗ್ಗೆ ನಮ್ಮ ನಮ್ಮ ಅಭಿಪ್ರಾಯಗಳೂ ಇರಲಿ. ನಮ್ಮಜ್ಜಿ ಮಡಿಯವರು. ಆದರೂ ಹೆರಿಗೆಗೆ ಹೋದದ್ದು ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ. ನಮಗೆಲ್ಲ ಅದು ಬರೀ ಮಿಷನ್ ಆಸ್ಪತ್ರೆ. 1906ರಿಂದ ನಡೆದು ಬಂದಿದೆ. ಯಾಕಜ್ಜಿ ಅಲ್ಲಿಗೇ ಹೋದಿರಿ ಎಂದು ಕೇಳಿದರೆ, "ಅಲ್ಲಿ ಹೆಂಗಸರಿದ್ರು ಕಣೇ, ಕನ್ನಡ ಮಾತಾಡೋರು" ಎನ್ನುತ್ತಿದ್ದರು. ಅಷ್ಟೇ ಕಾರಣ.

ಕಿಟೆಲ್ ನಿಘಂಟು ನಮ್ಮೆಲ್ಲರ ಹೆಮ್ಮೆ. 1853ರಲ್ಲಿ ಬಂದ ಆ ಜರ್ಮನ್ ಮಿಷನರಿಯ ನಿಘಂಟು ಅಚ್ಚಾದದ್ದು 1894ರಲ್ಲಿ. ನಮ್ಮ ಭಾಷೆಯನ್ನು ಹೊರಗಿನವರು ಅಷ್ಟು ಕಷ್ಟಪಟ್ಟು ಕಲಿತರೆಂದು ಬೀಗುವ ನಾವು, ಇಪ್ಪತ್ತು ವರ್ಷ ಇಲ್ಲಿದ್ದೂ ತರಕಾರಿಯವಳ ಹತ್ತಿರ ಹಿಂದಿಯಲ್ಲಿ ಚೌಕಾಸಿ ಮಾಡುತ್ತೇವೆ. ನಗಬೇಡಿ, ಇಲ್ಲೇ ಇದ್ದೀರಿ ಕೆಲವರು.

ಶಿಬಿರ ಬೇಡ ಎನ್ನುತ್ತಿಲ್ಲ. ಶಾಮಿಯಾನ, ಬ್ಯಾನರು, ಊಟಕ್ಕೆ ಎತ್ತಿಟ್ಟ ಹಣದಲ್ಲಿ ಅರ್ಧವನ್ನು ಉಳಿಸಿ, ವರ್ಷವಿಡೀ ಒಂದೇ ಊರಿಗೆ ಹೋಗೋಣ. ತಿಂಗಳಿಗೆ ಎರಡು ಶನಿವಾರ ಸಾಕು. ನಮ್ಮಲ್ಲಿ ನಿವೃತ್ತ ನರ್ಸುಗಳು ಇಬ್ಬರಿದ್ದಾರೆ, ಅವರು ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆಯಲಿ. ಔಷಧಿ ನಾವು ಕೊಡುವುದು ಬೇಡ, ಅದು ಡಾಕ್ಟರ ಕೆಲಸ. ಮಾತ್ರೆ ಮುಗಿಯುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು, ಸಾಲಿನಲ್ಲಿ ನಿಲ್ಲುವವರು ಬೇಕು. ಮಿಕ್ಕವರು ಅದೇ ಜಗಲಿಯಲ್ಲಿ ಮಕ್ಕಳಿಗೆ ಲೆಕ್ಕ, ಇಂಗ್ಲಿಷು ಹೇಳಿಕೊಡಬಹುದು. ತೆಲುಗು ಬಾರದವರಿಗೆ ಬುಧವಾರ ಸಂಜೆ ನಮ್ಮ ಮನೆಯಲ್ಲಿ ಪಾಠ, ಕಾಫಿಯೂ ಉಂಟು.

ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರಿನ ಮುಂದೆ ನಿಮಗೆ ಯಾವ ಶನಿವಾರ ಆಗುತ್ತದೆ ಎಂದೂ ಬರೆಯಿರಿ.