ಬುತ್ತಿ ಗಂಟು ಮತ್ತು ಓದುವ ಮನಸ್ಸು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಹೊರಡುವ ಬಸ್ಸುಗಳಲ್ಲಿ ಬುತ್ತಿ ಗಂಟುಗಳೂ ಪ್ರಯಾಣ ಮಾಡುತ್ತವೆ. ವಿಜಯಪುರದಲ್ಲೋ ಧಾರವಾಡದಲ್ಲೋ ಕೋಣೆ ಹಿಡಿದು ಓದುವ ಮಕ್ಕಳಿಗೆ ಮನೆಯವರು ಕಳಿಸುವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅದರಲ್ಲಿರುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಮಂದಿ ಗೋವೆಗೋ ಮಹಾರಾಷ್ಟ್ರಕ್ಕೋ ಗುಳೆ ಹೋದರೆ ಒಲೆ ಆರುತ್ತದೆ, ಗಂಟೂ ನಿಲ್ಲುತ್ತದೆ.

ಈ ಕಷ್ಟ ಹೊಸದಲ್ಲ. ಹಿಂದೆ ವಾರಾನ್ನದ ಪದ್ಧತಿಯಿತ್ತು. ಬಡ ವಿದ್ಯಾರ್ಥಿ ಏಳು ದಿನ ಏಳು ಮನೆಗಳಲ್ಲಿ ಉಣ್ಣುತ್ತಿದ್ದ. ಹೊಟ್ಟೆ ತುಂಬಿದರೂ ಪರರ ಬಾಗಿಲಲ್ಲಿ ನಿಲ್ಲುವ ಸಂಕೋಚ ಮನಸ್ಸನ್ನು ಕೊರೆಯುತ್ತಿತ್ತು. ಮಠಗಳ ಉಚಿತ ಪ್ರಸಾದ ನಿಲಯಗಳು ಈ ಸಂಕೋಚವನ್ನು ಕಳೆದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ನಿಲಯ ಉತ್ತರ ಕರ್ನಾಟಕದ ಎಷ್ಟೋ ಮಕ್ಕಳಿಗೆ ಮನೆಯಾಯಿತು. ಫ.ಗು. ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಗಾಗಿ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ದಾಸೋಹದ ನೆಲ ಇದು. ಪಂಕ್ತಿಯಲ್ಲಿ ಎಲ್ಲರೊಡನೆ ಕೂತು ಉಂಡದ್ದು ಭಿಕ್ಷೆಯಾಗಲಿಲ್ಲ, ಪ್ರಸಾದವಾಯಿತು. ಆ ಹೆಸರಿನಲ್ಲೇ ಉಣ್ಣುವವನ ಮಾನ ಉಳಿದಿತ್ತು.

ಹಸಿವು ಮನಸ್ಸನ್ನು ಏನು ಮಾಡುತ್ತದೆ? 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಮುಂದೆ ಬಂದ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟವಿಟ್ಟು ಪರೀಕ್ಷಿಸಿದರು. ಯುವಕರ ಮೈ ಸೊರಗಿತು. ಅದರ ಜೊತೆಗೆ ಸಿಡುಕು, ಖಿನ್ನತೆ ಹೆಚ್ಚಿದವು. ಗೆಳೆಯರ ಸಂಗ ಬೇಡವಾಯಿತು. ಚಿತ್ತ ನಿಲ್ಲುತ್ತಿಲ್ಲವೆಂದು ಅವರೇ ಹೇಳಿಕೊಂಡರು. ಮತ್ತೆ ಉಣ್ಣತೊಡಗಿದ ಮೇಲೂ ಮನಸ್ಸು ಕೂಡಲೇ ಸರಿಹೋಗಲಿಲ್ಲ. ಹೀಗಿರುವಾಗ, ಕೊನೆಯ ಬೆಂಚಿನಲ್ಲಿ ಮಂಕಾಗಿ ಕೂತ ಹುಡುಗನನ್ನು ಸೋಮಾರಿ ಎಂದುಬಿಡುವುದು ಅನ್ಯಾಯವಾದೀತು.

2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಶಾಲಾ ಮಕ್ಕಳ ಮಧ್ಯಾಹ್ನದ ಹಸಿವನ್ನು ನೀಗಿಸಿತು. ಆದರೆ ಹತ್ತನೇ ತರಗತಿ ದಾಟಿದವರಿಗೆ ಆ ಬಿಸಿಯೂಟವಿಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವು ಗೊತ್ತುಮಾಡಿತು. ಊಟಕ್ಕೂ ಕೋಣೆಗೂ ಅದೇ ಹಣ.

ವಾರಾನ್ನದ ಕಾಲದಲ್ಲಿ ಹುಡುಗ ಬರದಿದ್ದರೆ ಆ ದಿನದ ಮನೆಯವರಿಗಾದರೂ ಗೊತ್ತಾಗುತ್ತಿತ್ತು. ಬಾಡಿಗೆ ಕೋಣೆಯಲ್ಲಿ ನೀರು ಕುಡಿದು ಮಲಗಿದವನ ಸುದ್ದಿ ಯಾರಿಗೂ ತಲಪುವುದಿಲ್ಲ. ಈ ಸೀಮೆಯಲ್ಲಿ ಕುಶಲ ಕೇಳುವುದೇ "ಊಟ ಆತೇನು?" ಎಂದು. ಕಾಲೇಜಿನ ಗುರುಗಳು ಅದನ್ನು ಕೇಳಲಿ. ಕೇಳಿ, ಉತ್ತರ ಬರುವವರೆಗೆ ಒಂದು ಗಳಿಗೆ ನಿಲ್ಲಲಿ.