ಕಿವಿಯಲ್ಲಿ ನೀರು ಹೊಕ್ಕಾಗ
(ರೈತರು ಮತ್ತು ರೈತ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆಯ ವಿಷಯ ಬಿಟ್ಟು ಇಂದು ಕಿವಿಯ ಬಗ್ಗೆಯೇ ಒಂದು ಕಿವಿಮಾತು ಹೇಳುತ್ತೇನೆ. ಜಮಖಂಡಿ, ರಬಕವಿ-ಬನಹಟ್ಟಿ ಭಾಗಕ್ಕೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ, ಬೀಳಗಿಗೆ ಆಲಮಟ್ಟಿಯ ಹಿನ್ನೀರು. ಹೀಗೆ ನೀರಿನ ಮಗ್ಗುಲಲ್ಲೇ ಬಾಳುವವರು ನಾವು. ಬೇಸಿಗೆಯಲ್ಲಿ ಮಕ್ಕಳು ಬಾವಿಯಲ್ಲಿ ಈಸು ಕಲಿಯುತ್ತಾರೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆಯಲು ಹೊಳೆಗೆ ಇಳಿಯುತ್ತೇವೆ. ಆಗ ಕಿವಿಯಲ್ಲಿ ನೀರು ಹೊಕ್ಕು ಮುಚ್ಚಿದಂತಾಗುವುದು ಸಾಮಾನ್ಯ. ಕೂಡಲೆ ಕೈಗೆ ಕಡ್ಡಿ ಬರುತ್ತದೆ. ಆ ನೀರಿಗಿಂತ ಈ ಕಡ್ಡಿಯೇ ಹೆಚ್ಚು ಅಪಾಯಕಾರಿ.

ದೊಡ್ಡವರ ಕಿವಿಯ ನಾಳ ಸುಮಾರು ಒಂದು ಇಂಚು ಉದ್ದ, ಸ್ವಲ್ಪ ಡೊಂಕು. ಅದರ ಕೊನೆಗೆ ತೆಳುವಾದ ತಮಟೆ ಇದೆ. ತಮಟೆ ಗಟ್ಟಿಯಾಗಿದ್ದರೆ ನೀರು ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ಬಂದ ದಾರಿಯಿಂದಲೇ ಹೊರಬರುತ್ತದೆ. ಅದಕ್ಕೆ ದಾರಿ ಮಾಡಿಕೊಟ್ಟರೆ ಸಾಕು.

ನೀರು ಹೊಕ್ಕ ಕಿವಿಯನ್ನು ನೆಲದ ಕಡೆಗೆ ಮಾಡಿ ತಲೆ ಬಾಗಿಸಿರಿ. ದೊಡ್ಡವರಾದರೆ ಕಿವಿಯನ್ನು ಮೆಲ್ಲಗೆ ಮೇಲಕ್ಕೆ ಮತ್ತು ಹಿಂದಕ್ಕೆ, ಚಿಕ್ಕ ಮಕ್ಕಳಾದರೆ ಕೆಳಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ಇದರಿಂದ ನಾಳದ ಡೊಂಕು ಕಡಿಮೆಯಾಗುತ್ತದೆ. ಬಾಯಿ ತೆರೆದು ಮುಚ್ಚಿ ದವಡೆ ಆಡಿಸಿರಿ. ಆಗಲೂ ಬಾರದಿದ್ದರೆ ಒಣ ಬಟ್ಟೆ ಹಾಸಿ ಅದೇ ಮಗ್ಗುಲಿಗೆ ಕೆಲವು ನಿಮಿಷ ಮಲಗಿರಿ. ಹೊರಬಂದ ನೀರನ್ನು ಬಟ್ಟೆಯಿಂದ ಹೊರಗಡೆ ಮಾತ್ರ ಒರೆಸಿರಿ.

ಬೆಂಕಿಕಡ್ಡಿ, ಪಿನ್ನು, ಹತ್ತಿ ಸುತ್ತಿದ ಕಡ್ಡಿ ಯಾವುದನ್ನೂ ಒಳಗೆ ಹಾಕಬಾರದು. ನೆನೆದ ಚರ್ಮ ಮೆತ್ತಗಾಗಿರುತ್ತದೆ. ಸಣ್ಣ ಗೀರು ಬಿದ್ದರೂ ರೋಗಾಣು ಸೇರುತ್ತದೆ. ಕೈ ತಪ್ಪಿದರೆ ತಮಟೆಯೇ ಹರಿದು ಕಿವಿ ಮಂದವಾಗಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ, ಸೊಪ್ಪಿನ ರಸವನ್ನೂ ಬಿಡಬೇಡಿರಿ. ಸಂತೆ, ಜಾತ್ರೆಗಳಲ್ಲಿ ಕಿವಿ ತೆಗೆಯುವವರ ಮುಂದೆ ಕೂಡಬೇಡಿರಿ.

ಒಂದೆರಡು ದಿನವಾದರೂ ಕಿವಿ ತೆರೆಯದಿದ್ದರೆ ಅದು ಬರೀ ನೀರಲ್ಲ ಎಂದು ತಿಳಿಯಿರಿ. ಒಳಗಿನ ಗುಗ್ಗೆ ನೆನೆದು ಉಬ್ಬಿರಬಹುದು, ಇಲ್ಲವೆ ಸೋಂಕು ತಗಲಿರಬಹುದು. ನೋವು, ಕೀವು, ರಕ್ತ, ಜ್ವರ, ತಲೆ ತಿರುಗುವುದು, ಕೇಳಿಸದಿರುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ. ಸಕ್ಕರೆ ಕಾಯಿಲೆಯವರಿಗೆ ಕಿವಿಯ ಸೋಂಕು ಎಲುಬಿನವರೆಗೂ ಇಳಿಯಬಲ್ಲದು. ಅವರು ನೋವನ್ನು ಒಂದು ದಿನವೂ ಕಡೆಗಣಿಸಬಾರದು.

ಮಗುವಿನ ಕಿವಿ ಪದೇ ಪದೇ ಸೋರುತ್ತಿದ್ದರೆ, 'ಸ್ನಾನದ ನೀರು ಹೋಗಿದೆ' ಎಂದು ಸುಮ್ಮನಿರುವ ತಾಯಂದಿರಿದ್ದಾರೆ. ಅದು ತಮಟೆಯಲ್ಲಿ ತೂತು ಬಿದ್ದಿರುವ ಗುರುತಾಗಿರಬಹುದು. ಅಂಥ ಮಕ್ಕಳನ್ನು ಈಸಲು ಬಿಡಬಾರದು. ಎರೆಯುವಾಗ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಷ್ಟೇ ಇಟ್ಟು, ಆಮೇಲೆ ತೆಗೆಯಬೇಕು. 2019ರ ಆಗಸ್ಟ್‌ನಲ್ಲಿ ಬಂದಂಥ ನೆರೆಯ ನೀರು ಹೊಲಸು ನೀರು. ಮಕ್ಕಳು ಅದರಲ್ಲಿ ಮುಳುಗಿ ಆಡದಂತೆ ನೋಡಿಕೊಳ್ಳಿರಿ.

ಕಿವಿಯಲ್ಲಿ ಕೇಳಿಸದ ಮಗು ಶಾಲೆಯಲ್ಲಿ ದಡ್ಡನೆನಿಸಿಕೊಳ್ಳುತ್ತದೆ. ಕೇಳಿಸದ ರೈತನಿಗೆ ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರಿನ ಸಪ್ಪಳವೂ ತಿಳಿಯದು. ಆದುದರಿಂದ ತಲೆ ಬಾಗಿಸಿರಿ, ಕಡ್ಡಿ ಬಿಡಿರಿ. ಇಷ್ಟನ್ನು ಮನೆಯವರಿಗೂ ತಿಳಿಸಿರಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.