ನೋವಿಗೂ ಒಂದು ಲೆಕ್ಕ



ಪೈಸೆ ಪೈಸೆಗೂ ಲೆಕ್ಕ ಬರೆಯುವ ನಾವು ಗುಮಾಸ್ತರು, ನಮ್ಮ ಕತ್ತುನೋವಿಗೆ ಮಾತ್ರ ಲೆಕ್ಕವಿಡುವುದಿಲ್ಲ. “ಬೆನ್ನು ನೋಯುತ್ತದೆ” ಎಂದಷ್ಟೇ ಹೇಳಿದರೆ ಮೇಲಧಿಕಾರಿಗೆ ಅದು ನೆಪವಾಗಿ ಕೇಳಿಸುತ್ತದೆ. ಎಲ್ಲಿ, ಎಷ್ಟು ದಿನ, ಯಾವ ಕೆಲಸಕ್ಕೆ ಅಡ್ಡಿಯಾಯಿತು ಎಂದು ಬರೆದು ತೋರಿಸಿದರೆ ಮಾತಿಗೆ ತೂಕ ಬರುತ್ತದೆ.

1987ರಲ್ಲಿ ಉತ್ತರ ಯೂರೋಪಿನ ನಾರ್ಡಿಕ್ ದೇಶಗಳ ತಜ್ಞರು ಇದಕ್ಕೊಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಕತ್ತಿನಿಂದ ಪಾದದವರೆಗೆ ದೇಹವನ್ನು 9 ಭಾಗ ಮಾಡಿ, ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಕಳೆದ 12 ತಿಂಗಳಲ್ಲಿ ತೊಂದರೆಯಾಯಿತೇ? ಅದರಿಂದ ಮನೆಯ ಅಥವಾ ಹೊರಗಿನ ಕೆಲಸ ತಪ್ಪಿತೇ? ಕಳೆದ 7 ದಿನಗಳಲ್ಲಿ ಇತ್ತೇ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಗುಣಾಕಾರವೂ ಉಂಟು. ವಾರಕ್ಕೆ 3-4 ಸಲ ಬರುವ ನೋವಿಗೆ 3.5 ಅಂಕ, ಬಾಧೆ ಮಧ್ಯಮವಾದರೆ 2, ಕೆಲಸಕ್ಕೆ ಸ್ವಲ್ಪ ಅಡ್ಡಿಯಾದರೆ 2. ಗುಣಿಸಿದರೆ 14. ಕುರ್ಚಿ ಬದಲಾಯಿಸಿದ ಮೇಲೆ ಮತ್ತೆ ಲೆಕ್ಕ ಹಾಕಿದರೆ ಗುಣ ಕಂಡಿತೋ ಇಲ್ಲವೋ ತಿಳಿಯುತ್ತದೆ.

ಅಂಕದಿಂದ ರೋಗ ಯಾವುದೆಂದು ಗೊತ್ತಾಗದು. ಕೈ ಜೋಮು ಹಿಡಿದರೆ, ಬಲ ಕುಂದಿದರೆ ವೈದ್ಯರನ್ನು ಕಾಣಿರಿ. ಆದರೆ ಒಂದೇ ಕೋಣೆಯ ಹತ್ತು ಮಂದಿಯ ಚೀಟಿಗಳಲ್ಲಿ ಕತ್ತೇ ಮತ್ತೆ ಮತ್ತೆ ಕಾಣಿಸಿದರೆ, ಮೇಜಿನ ಎತ್ತರವನ್ನೂ ಕಂಪ್ಯೂಟರಿನ ಪರದೆ ಇರುವ ಜಾಗವನ್ನೂ ಪರೀಕ್ಷಿಸಿರೆಂದು ಹತ್ತು ಮಂದಿಯೂ ಒಟ್ಟಿಗೆ ಕೇಳಬಹುದು. ಈ ವಾರವೇ ಬರೆಯಲು ಆರಂಭಿಸೋಣ.